ಬೋರವ್ವನ ಕೈಗುರುತು

ಮಗ್ಗದ ಮೇಲೆ ಬಾಗಿ ಉಜ್ವಲಾ ಸಡಿಲಾದ ಎಳೆಗಳನ್ನು ಒಂದೊಂದಾಗಿ ಬಿಚ್ಚುತ್ತಿದ್ದಳು. ಕಿವಿಯೆಲ್ಲ ಒಳಗಿನ ಕೋಣೆಯ ಕಡೆಗೆ. ಅತ್ತೆ ಬೋರವ್ವ ಉಂಡು ಅಡ್ಡಾಗಿದ್ದಳು. ಆಕೆ ಏಳುವುದರೊಳಗೆ ಬಿಚ್ಚಿದ್ದನ್ನೆಲ್ಲ ಮತ್ತೆ ನೇಯ್ದಿಡಬೇಕು.

ಮೊಮ್ಮಗಳು ಪೂರ್ಣಿಮಾಳ ಮದುವೆ ಸೀರೆ ತಾನೇ ನೇಯುತ್ತೇನೆಂದು ಬೋರವ್ವ ಹಟ ಹಿಡಿದಿದ್ದಳು. ಬನಹಟ್ಟಿಯ ಆ ಓಣಿಯ ತುಂಬ ಪಾವರ್‌ಲೂಮಿನ ಸದ್ದು, ಇವರ ಪಡಸಾಲೆಯಲ್ಲಿ ಮಾತ್ರ ಇನ್ನೂ ಕೈಮಗ್ಗ. ಆದರೆ ಮುದುಕಿಯ ಬಲಗೈ ಈಗ ನಡುಗುತ್ತಿತ್ತು. ನೇಯ್ಗೆ ಒಂದು ಕಡೆ ಬಿಗಿ, ಒಂದು ಕಡೆ ಸಡಿಲು. ಮುಧೋಳದ ಬೀಗರು ಸೀರೆ ಬಿಡಿಸಿ ನೋಡಿ ಮುಖ ಸಿಂಡರಿಸಿದರೆ ಅತ್ತೆ ತಾಳಲಾರಳೆಂದು ಉಜ್ವಲಾ ದಿನಾ ಮಧ್ಯಾಹ್ನ ಈ ಕಳ್ಳಗೆಲಸಕ್ಕೆ ಕೂರುತ್ತಿದ್ದಳು.

ಜಮಖಂಡಿಯ ಕಾಲೇಜಿನಿಂದ ಪೂರ್ಣಿಮಾ ಅಂದು ಬೇಗ ಬಂದಳು. ಅವಳ ಚಪ್ಪಲಿ ಸದ್ದಿಗೆ ಬೋರವ್ವನೂ ಎದ್ದು ಬಂದಳು. ಉಜ್ವಲಾ ಬಿಚ್ಚಿದ ನೂಲನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡು ಸರಿದು ನಿಂತಳು.

"ಏನ್ ಕಲ್ತ್ ಬಂದಿ ಬೇ ಇವತ್ತ?" ಬೋರವ್ವ ಮೊಮ್ಮಗಳನ್ನು ಕೇಳಿದಳು.

"ಒಂದ ಇಂಗ್ಲಿಷ್ ಶಬ್ದ, ಆಯಿ. ಅಥೆಂಟಿಕೇಟ್. ಇದು ಖರೇನ ಐತಿ ಅಂತ ಸಾಬೀತ ಮಾಡೂದು."

"ಸೀರಿಗೆ ಕೈಮಗ್ಗದ್ದ ಅಂತ ಸಿಕ್ಕಾ ಒತ್ತತಾರಲ್ಲ, ಹಂಗ?"

"ಹೂಂ. ಆದ್ರ ಅದರ ಬೇರು ಗ್ರೀಕ್ ಮಂದೀದು. ತನ್ನ ಕೈಲೆ ತಾನ ಮಾಡಿದಾಂವ ಅಂತ ಅರ್ಥ ಇತ್ತಂತ."

"ಅವರ ಮನ್ಯಾಗೂ ಮಗ್ಗ ಇದ್ದಿರಬೇಕ ಬಿಡು," ಎಂದು ಬೋರವ್ವ ನಕ್ಕಳು.

ನಗುತ್ತಲೇ ಮಗ್ಗದ ಮುಂದೆ ಕೂತು ಸೀರೆಯ ಮೇಲೆ ಅಂಗೈ ಆಡಿಸಿದಳು. ನಿನ್ನೆ ಉಜ್ವಲಾ ಬಿಚ್ಚಿ ಮತ್ತೆ ನೇಯ್ದಿದ್ದ ಭಾಗದ ಮೇಲೆ ಕೈ ನಿಂತಿತು.

"ಉಜ್ವಲಾ, ಇದು ನಂದ ಹೌದಲ್ಲ? ಕೈಗೆ ಗುರ್ತ ಹತ್ತವಲ್ದು."

"ನಿಮ್ದರಿ ಅತ್ತಿ. ಮತ್ಯಾರದು?"

ಬೆರಳು ಮುಂದೆ ಸರಿದು, ಮುಂಜಾನೆ ನೇಯ್ದದ್ದರಲ್ಲಿ ಬಿಚ್ಚದೆ ಉಳಿದಿದ್ದ ಏರುಪೇರಿನ ನಾಲ್ಕು ಬೆರಳಗಲದ ಮೇಲೆ ಬಂತು. ಮುದುಕಿಯ ಮುಖ ಅರಳಿತು.

"ಹಾಂ, ಇದು ನಂದ ನೋಡ. ಇಲ್ಲೆ ಕೈ ನಡುಗಿತ್ತು."

ಆಮೇಲೆ ಲಾಳಿ ಹಿಡಿದು ಹಾಡು ಗುನುಗುತ್ತ ನೇಯತೊಡಗಿದಳು. ಉಜ್ವಲಾ ಒಲೆಯ ಮೇಲೆ ಚಹಾಕ್ಕಿಟ್ಟಳು. ಸೀರೆಯ ಸೆರಗು ಇನ್ನೂ ಪೂರಾ ಬಾಕಿ ಇತ್ತು. ಬೀಗರ ಕಣ್ಣು ಮೊದಲು ಬೀಳುವುದೂ ಅದರ ಮೇಲೆಯೇ. ಬೀಳಲಿ. ಮುಷ್ಟಿಯಲ್ಲಿದ್ದ ನೂಲನ್ನು ತಾನು ಉಟ್ಟ ಸೀರೆಯ ಸೆರಗಿಗೆ ಗಂಟು ಹಾಕಿಕೊಂಡಳು. ನಾಳೆಯಿಂದ ಮಧ್ಯಾಹ್ನ ಮಗ್ಗ ಮುಟ್ಟದೆ ಅತ್ತೆಯ ಪಕ್ಕ ತಾನೂ ಅಡ್ಡಾಗುವುದು.