ಸೇತುವೆ ಕಾವಲುಗಾರನ ಪುಟ

ಆರನೆಯ ಸಂಪುಟದಲ್ಲಿರಬಹುದೆ? ಅಥವಾ ತೂಕಡಿಸುತ್ತ ಓದುವಾಗ ಆ ಪುಟವೇ ಕಣ್ತಪ್ಪಿ ಹೋಯಿತೆ? ಅವನು ಮತ್ತೆ ಹಿಂದಕ್ಕೆ ತಿರುವಿದ.

ಒಂಬತ್ತು ದಪ್ಪ ಸಂಪುಟಗಳ ಕಾದಂಬರಿ. ಯುದ್ಧದಲ್ಲಿ ಸೋತ ದೇಶ ಸೋಲದೇ ಇದ್ದಿದ್ದರೆ ಚರಿತ್ರೆ ಹೇಗೆ ಸಾಗುತ್ತಿತ್ತು ಎಂಬ ಕಲ್ಪನೆ. ನಿಜದಲ್ಲಿ ಶತ್ರುಗಳು ಉರುಳಿಸಿದ ಸೇತುವೆ ಇದರಲ್ಲಿ ಉರುಳುವುದಿಲ್ಲ. ಅಲ್ಲಿಂದಾಚೆ ಎಲ್ಲವೂ ಬೇರೆ. ಅವನು ಚಿಕ್ಕವನಿದ್ದಾಗ ಅಪ್ಪ ಅಷ್ಟನ್ನೂ ಗಟ್ಟಿಯಾಗಿ ಓದಿ ಹೇಳಿದ್ದರು. ಬೈಂಡ್ ಮಾಡಿದ್ದೂ ಅವರೇ. ಈಗ ಮತ್ತೆ ಓದುತ್ತಿರುವುದು ಖುಷಿಗಲ್ಲ. ಸೇತುವೆಯ ಕಾವಲುಗಾರ ಗುಂಡೇಟು ತಿಂದೂ ಮನೆಗೆ ಬಂದು, ಒದ್ದೆ ಬೂಟು ಬಿಚ್ಚುವ ಪ್ರಸಂಗವನ್ನು ಅಪ್ಪ ಮೊನ್ನೆ ಊಟಕ್ಕೆ ಕೂತಾಗ ವರ್ಣಿಸಿದ್ದರು. ಪುಸ್ತಕದಲ್ಲಿ ಅವನು ಸೇತುವೆಯ ಮೇಲೇ ಸಾಯುತ್ತಾನೆ.

ಕೆಳಗೆ ಅಪ್ಪನ ಬೈಂಡಿಂಗ್ ಅಂಗಡಿ. ಕಾಗದ ಕತ್ತರಿಸುವ ಯಂತ್ರದ ಬ್ಲೇಡು ಧಡ್ ಎಂದು ಬಿದ್ದಾಗಲೆಲ್ಲ ಅವನು ಓದು ನಿಲ್ಲಿಸಿ ಕಿವಿಗೊಡುತ್ತಿದ್ದ. "ಅಪ್ಪಂಗೆ ಮರೆವು ಶುರುವಾಗಿದ್ರೆ ಆ ಮಷೀನಿಗೆ ಬೀಗ ಹಾಕ್ಬೇಕು. ಬೆರಳು ಹೋದ್ಮೇಲೆ ಅತ್ರೆ ಏನು ಬಂತು?" ಎಂದಿದ್ದಳು ಅಕ್ಕ. ಬೀಗ ಬಿದ್ದ ಮೇಲೆ ಅಪ್ಪ ಬಹಳ ದಿನ ಬದುಕಲಾರರು ಎಂದು ಅವನಿಗೆ ಅನ್ನಿಸಿತ್ತು.

ಕೊನೆಗೆ ಅಕ್ಕನಿಗೇ ಫೋನು ಮಾಡಿದ. ಒದ್ದೆ ಬೂಟಿನ ಮಾತು ಕೇಳಿ ಅವಳು ನಕ್ಕುಬಿಟ್ಟಳು.

"ಲೋ ಪೆದ್ದು, ಕಾವಲುಗಾರ ಸತ್ತ ಅಂತ ನೀನು ಅತ್ತೂ ಅತ್ತೂ ಜ್ವರ ಬರಿಸ್ಕೊಂಡಿದ್ದೆ. ಮಾರನೇ ದಿನ ಅಪ್ಪ ಪುಸ್ತಕ ಹಿಡ್ಕೊಂಡೇ, ಅವನು ಮನೆಗೆ ಬಂದ ಅಂತ ಓದಿದ್ರು. ನಾನು ಇಣುಕಿದ್ರೆ ಪುಟದಲ್ಲಿ ಅದಿಲ್ವೇ ಇಲ್ಲ! ಬಾಯ್ಬಿಟ್ರೆ ನೋಡು ಅಂತ ನನ್ನ ಕಡೆ ಕಣ್ಣು ಬಿಟ್ರು."

"ಹಾಗಾದ್ರೆ ಅಪ್ಪಂಗೆ ಏನೂ ಆಗಿಲ್ಲ?"

"ನಮ್ಮಿಬ್ರಿಗಿಂತ ಚೆನ್ನಾಗಿ ನೆನಪಿದೆ. ಬೀಗದ ಮಾತು ಬಿಡು."

ಕಾವಲುಗಾರ ಸಾಯುವ ಐದನೆಯ ಸಂಪುಟ ಹಿಡಿದು ಕೆಳಗೆ ಹೋದ.

"ಅಪ್ಪಾ, ಕಾವಲುಗಾರನ್ನ ಬದುಕಿಸಿದ್ದು ನೀವಂತೆ. ಅಕ್ಕ ಹೇಳಿದ್ಲು."

"ನಾನ್ಯಾಕೆ ಬದುಕಿಸ್ಲಿ? ಬರೆದವನು ಬದುಕಿಸಿದ್ದಾನೆ. ಕೊಡು ಇಲ್ಲಿ."

ಅಂಟು ಮೆತ್ತಿದ ಬೆರಳು ಒರೆಸಿಕೊಂಡು ಅಪ್ಪ ಪುಟ ತಿರುವಿದರು. ಮುಂದೆ ಹೋದರು, ಹಿಂದೆ ಬಂದರು. ಮುಖ ಸಣ್ಣದಾಯಿತು.

"ಒಂದು ಫಾರಂ ಬಿಟ್ಟುಹೋಗಿದೆ ಕಣೋ. ಒಟ್ಟಿಗೆ ಮಡಿಸಿದ ಹದಿನಾರು ಪುಟ. ಹೊಲಿಯೋವಾಗ ನಾನೇ ಸೇರಿಸೋದು ಮರೆತಿದ್ದೀನಿ. ಛೆ, ಇಷ್ಟು ವರ್ಷ ಮನೇಲೇ ಇಟ್ಕೊಂಡು ನೋಡ್ಲಿಲ್ವಲ್ಲ!"

ಚಾಕು ತೆಗೆದು ಪುಸ್ತಕದ ಬೆನ್ನಿನ ದಾರಗಳನ್ನು ಕತ್ತರಿಸತೊಡಗಿದರು, ಆ ಫಾರಂ ಒಳಗೆಲ್ಲೋ ಸಿಕ್ಕಿಕೊಂಡಿದೆ ಎಂಬಂತೆ. ಕೈ ನಡುಗುತ್ತಿರಲಿಲ್ಲ. ಬಿಚ್ಚಿದ ಹಾಳೆಗಳನ್ನು ಅವನು ಒಂದೊಂದಾಗಿ ಜೋಡಿಸಿಟ್ಟ. ಪುಟಸಂಖ್ಯೆ ಎಲ್ಲೂ ತಪ್ಪಿರಲಿಲ್ಲ. ಪಕ್ಕದಲ್ಲಿ ಯಂತ್ರದ ಬ್ಲೇಡು ಮೇಲೆತ್ತಿದಂತೆಯೇ ನಿಂತಿತ್ತು.

ಸಂಜೆ ಅಕ್ಕ ಫೋನು ಮಾಡಿದಳು. "ಅಪ್ಪ ಏನಂದ್ರೋ?"

"ನಕ್ರು," ಎಂದ.

ಒಂದು ಪುಟವೂ ಕಾಣೆಯಾಗಿಲ್ಲ ಎಂಬುದನ್ನು ಅವನು ಅಪ್ಪನಿಗೂ ಹೇಳಲಿಲ್ಲ, ಅಕ್ಕನಿಗೂ ಹೇಳಲಿಲ್ಲ.