ಒಂದು ರಿಂಗಿನ ಆಶೀರ್ವಾದ

ಊಟ ಮುಗಿದು ಎಲೆ ಎತ್ತುವ ಹೊತ್ತಿಗೆ ಕೌಶಿಕನ ವಿಡಿಯೊ ಕರೆ ಬಂತು. ಪುರಸೈವಾಕ್ಕಂನ ಆ ಮನೆಯಲ್ಲಿ ಫ್ಯಾನು ಬಿಸಿಗಾಳಿಯನ್ನೇ ತಿರುವಿಹಾಕುತ್ತಿತ್ತು. ಫೋನಿನೊಳಗೆ ಮಾತ್ರ ಯುರೋಪಿನ ಯಾವುದೋ ಬೆಟ್ಟ, ಹಿಮ, ಅವನ ಬಾಯಿಂದ ಬರುವ ಬಿಳಿ ಉಸಿರು. ಇನ್ನೊಂದು ಗಂಟೆಯಲ್ಲಿ ವಿಶ್ವ ಚಾಂಪಿಯನ್‌ಶಿಪ್ಪಿನ ಇಬ್ಬರ ಬಾಬ್‌ಸ್ಲೆಡ್ ಓಟ, ಮಂಜುಗಡ್ಡೆಯ ಇಳಿಜಾರಿನಲ್ಲಿ ಜಾರುಬಂಡಿ ಬಿಡುವ ಪಂದ್ಯ.

"ಸಂಧ್ಯಾವಂದನೆ ಆಯ್ತೇನೋ?" ಅಂದರು ಅಂಬುಜಮ್ಮ. ಹಿಮದಲ್ಲಿದ್ದರೂ ಆಚಾರ ತಪ್ಪಕೂಡದು, ಅದು ಅವರ ಕಾನೂನು.

"ಆಯ್ತಮ್ಮ. ಮುದ್ರೆ ಕಾಣಲ್ವಾ?"

ಕೆನ್ನೆಗಳ ಮೇಲೆ ಗೋಪಿಚಂದನದ ಮುದ್ರೆಗಳು ಹಸಿಹಸಿಯಾಗಿ ಹೊಳೆಯುತ್ತಿದ್ದವು. ಅಂಬುಜಮ್ಮ ಸೊಸೆ ಶ್ರೀಪ್ರಿಯಾಳ ಕೈಯಲ್ಲಿ ಪರದೆಯ ಮೇಲಿನ ಆ ಮುಖದ ಚಿತ್ರ ತೆಗೆಸಿಟ್ಟರು. ಫೋನು ಲಾಕರಿಗೆ ಹೋಗುತ್ತದೆ, ಇನ್ನು ಸಿಗುವುದಿಲ್ಲ ಎಂದು ಹೇಳಿ ಕೌಶಿಕ್ ಕರೆ ಮುಗಿಸಿದ.

ಓಟದ ಹೊತ್ತಾಗುತ್ತ ಬಂತು. ಟಿವಿ ಹಾಕಿಟ್ಟು, ಮುದುಕಿ ಕನ್ನಡಕ ಏರಿಸಿ ಆ ಚಿತ್ರವನ್ನೇ ನೋಡುತ್ತ ಕೂತರು.

"ಪ್ರಿಯಾ, ಇವನು ಮುದ್ರೆ ಮಾತ್ತಿ ಒತ್ತಿಕೊಂಡಿದಾನಲ್ಲೇ. ಚಕ್ರ ಬಲಗಡೆ ಇರ್ಬೇಕು, ಶಂಖ ಎಡಗಡೆ. ಇಲ್ಲಿ ಉಲ್ಟಾ ಇದೆ."

ಶ್ರೀಪ್ರಿಯಾ ನಕ್ಕಳು. "ಅಯ್ಯೋ ಅತ್ತೆ, ಮುಂದಿನ ಕ್ಯಾಮೆರಾ ಕನ್ನಡಿ ಥರ. ಎಡ ಬಲ ಅದಲುಬದಲಾಗಿ ಕಾಣ್ಸತ್ತೆ, ಅಷ್ಟೆ."

ನುಂಗಂಬಾಕ್ಕಂನ ಬ್ಯಾಂಕಿನಲ್ಲಿ ದಿನವಿಡೀ ಕಂಪ್ಯೂಟರಿನೆದುರು ಕೂರುವವಳು ಅವಳು. ಕ್ಯಾಮೆರಾದ ವಿಷಯದಲ್ಲಿ ಅತ್ತೆ ಅವಳ ಮಾತನ್ನೇ ನಂಬಿದರು. ಅದೇ ತಪ್ಪಾಯಿತು.

ನಗು ನಿಂತ ಮೇಲೆ ಅವಳಿಗೆ ಗಂಡನ ಮಾತೊಂದು ನೆನಪಾಯಿತು. ಅವಳಿಗೊಂದು ಗುಟ್ಟು ಗೊತ್ತಿತ್ತು. ಮೊನ್ನೆ ಅಭ್ಯಾಸದಲ್ಲಿ ಸ್ಲೆಡ್ ಮಗುಚಿ, ಕೌಶಿಕನ ಹೆಲ್ಮೆಟ್ಟು ಮಂಜುಗಡ್ಡೆಯ ಗೋಡೆಗೆ ಉಜ್ಜುತ್ತ ಬಹಳ ದೂರ ಹೋಗಿತ್ತು. ಅಂದು ಡಾಕ್ಟರ ಮುಂದೆ ಹುಷಾರಾಗಿದ್ದೇನೆ ಅಂದವನು ಹೆಂಡತಿಗೆ ಮಾತ್ರ ನಿಜ ಹೇಳಿದ್ದ. "ತಲೆ ಒಂಥರಾ ಮಂಕು ಕಣೇ. ಕೋಚ್ ಶ್ರೀಕಾಂತ್ ಹತ್ರ ಬಾಯಿ ಬಿಡ್ಬೇಡ. ಗೊತ್ತಾದ್ರೆ ಓಟದಿಂದ ಇಳಿಸಿಬಿಡ್ತಾರೆ. ಪ್ರಾಮಿಸ್?"

ಮಾತು ಕೊಟ್ಟಿದ್ದಳು. ಕೊಡದೆ ಏನು ಮಾಡಿಯಾಳು? ಮಂಜುಗಡ್ಡೆ ಎಂದರೆ ಜ್ಯೂಸಿನ ಅಂಗಡಿಯಲ್ಲಿ ಮಾತ್ರ ಸಿಗುವ ಊರಿನಲ್ಲಿ, ಅಂಬತ್ತೂರಿನ ಮುಚ್ಚಿದ ಕಾರ್ಖಾನೆಯ ಶೆಡ್ಡಿನೊಳಗೆ, ಗಾಲಿ ಹಾಕಿದ ಸ್ಲೆಡ್ಡನ್ನು ವರ್ಷಗಟ್ಟಲೆ ತಳ್ಳಿ ಬೆವರು ಹರಿಸಿದವನು ಅವನು. ನೋಡಿದವರೆಲ್ಲ ಆಡಿಕೊಂಡಿದ್ದರು. ಜೊತೆಗೆ ತಳ್ಳಿದವನು ಮಂಡ್ಯದ ಮೋಹನ್ ಒಬ್ಬನೇ. ಅವನು ಹಿಂದೆ ಕೂತು ಕೊನೆಯಲ್ಲಿ ಬ್ರೇಕು ಎಳೆಯುವವನು. ಒಮ್ಮೆ ಇದೇ ಮನೆಯಲ್ಲಿ ಪುಳಿಯೋಗರೆ ತಿನ್ನುತ್ತ ಹೇಳಿದ್ದ: "ನಾನು ತಲೆ ಬಗ್ಗಿಸ್ಕಂಡ್ ಕೂತ್ರೆ ಏನೂ ಕಾಣಾಕಿಲ್ಲ ಅತ್ತಿಗೆ. ಎಡಕ್ಕೋ ಬಲಕ್ಕೋ, ತಿರುಗ್ಸೋ ಹಗ್ಗ ಎಲ್ಲ ಇವನ ಕೈಲೇ. ನನ್ನ ಜೀವಾನೂ."

ಎಡಕ್ಕೋ, ಬಲಕ್ಕೋ.

ಶ್ರೀಪ್ರಿಯಾ ಫೋನು ಕಸಿದುಕೊಂಡು ಚಿತ್ರ ದೊಡ್ಡದು ಮಾಡಿದಳು. ಕೌಶಿಕನ ಜಾಕೆಟ್ಟಿನ ಎದೆಯ ಮೇಲೆ ದೇಶದ ಹೆಸರಿತ್ತು. ಕನ್ನಡಿಯಲ್ಲಿ ಕಂಡಂತಾಗಿದ್ದರೆ ಅಕ್ಷರಗಳೂ ತಿರುಗಬೇಕಿತ್ತು. ಅವು ನೆಟ್ಟಗೆ, ಓದುವ ಹಾಗೆ ಇದ್ದವು.

ಕ್ಯಾಮೆರಾ ಏನನ್ನೂ ಅದಲುಬದಲು ಮಾಡಿರಲಿಲ್ಲ. ಉಪನಯನವಾದಾಗಿನಿಂದ ಕಣ್ಣು ಮುಚ್ಚಿಕೊಂಡೇ ಮುದ್ರೆ ಒತ್ತಿಕೊಳ್ಳುತ್ತಿದ್ದವನಿಗೆ ಇಂದು ತನ್ನ ಬಲಗೆನ್ನೆ ಯಾವುದೆಂದು ತಿಳಿದಿರಲಿಲ್ಲ.

ಮಾತು ಮುರಿದರೆ ಅವನು ಜನ್ಮದಲ್ಲಿ ಕ್ಷಮಿಸುವುದಿಲ್ಲ. ಕ್ಷಮಿಸದಿದ್ದರೆ ಬೇಡ, ಮನೆಗೆ ಬಂದು ಮುಖ ತಿರುಗಿಸಿಕೊಂಡು ಕೂರಲಿ. ಬಂದರೆ ಸಾಕು. ಕೌಶಿಕನ ಫೋನು ಆಫ್ ಆಗಿತ್ತು. ಮೋಹನನದೂ ಹಾಗೇ. ಶ್ರೀಕಾಂತನಿಗೆ ಫೋನು ಹಚ್ಚಿದಳು. ಒಂದು ರಿಂಗು ಹೋಯಿತು, ಕಟ್ ಆಯಿತು.

ಆಗ ಅವಳಿಗೆ ನೆನಪಾಯಿತು. ಆ ಏರ್ಪಾಟು ಈ ಮನೆಯದೇ. ಪ್ರತಿ ಓಟಕ್ಕೂ ಮುಂಚೆ ಈ ನಂಬರಿನಿಂದ ಕೋಚ್‌ಗೆ ಒಂದು ರಿಂಗು. ಎತ್ತಕೂಡದು. ಹೊರಡುವವನನ್ನು ಮಾತಾಡಿಸಬಾರದು ಎಂಬುದು ಅಂಬುಜಮ್ಮನ ಶಾಸ್ತ್ರ. ಆ ರಿಂಗೇ ಅವರ ಆಶೀರ್ವಾದ.

ಮತ್ತೆ ಹಚ್ಚಿದಳು. ಕಟ್. 'ನಿಲ್ಲಿಸಿ, ಅವನಿಗೆ ತಲೆಗೆ ಪೆಟ್ಟಾಗಿದೆ' ಎಂದು ಮೆಸೇಜು ಒತ್ತಿದಳು. ಅದನ್ನು ಯಾರೂ ನೋಡಿದಂತೆ ಕಾಣಲಿಲ್ಲ. ಮತ್ತೆ ಹಚ್ಚಿದಳು. ಈ ಸಲ ಸುಮ್ಮನೆ ಹೊಡೆದುಕೊಳ್ಳುತ್ತಲೇ ಇತ್ತು.

"ಬಂದ, ಬಂದ!" ಅಂದರು ಅಂಬುಜಮ್ಮ. ಟಿವಿಯಲ್ಲಿ ಕೌಶಿಕನೂ ಮೋಹನನೂ ಸ್ಲೆಡ್ಡಿನ ಪಕ್ಕ ನಿಂತಿದ್ದರು. ಹಿಂದೆ ಶ್ರೀಕಾಂತ್. ಅವನು ಜೇಬಿನಿಂದ ಫೋನು ತೆಗೆದ, ನೋಡಿ ನಕ್ಕ, ಕಟ್ ಮಾಡಿ ಕೌಶಿಕನತ್ತ ಎತ್ತಿ ತೋರಿಸಿದ. ಕೌಶಿಕ್ ಕ್ಯಾಮೆರಾಕ್ಕೆ ಕೈ ಮುಗಿದ. ಫೋನು ಇನ್ನೊಮ್ಮೆ ಬೆಳಗಿತು. ಶ್ರೀಕಾಂತ್ ಅದನ್ನೂ ಕಟ್ ಮಾಡಿ, ಈ ಸಲ ತಾನೇ ಕಣ್ಣಿಗೊತ್ತಿಕೊಂಡ.

"ಇವತ್ತು ಎರಡೆರಡು ಸಲ ಕೊಟ್ಯಾ? ಒಳ್ಳೇದು ಬಿಡು," ಅಂದರು ಅತ್ತೆ.

ಶ್ರೀಪ್ರಿಯಾ ಟಿವಿ ನೋಡಿದಳು, ಕೈಯಲ್ಲಿ ಹೊಡೆದುಕೊಳ್ಳುತ್ತಿದ್ದ ಫೋನು ನೋಡಿದಳು. ಇಂಟರ್ನೆಟ್ಟಿನಲ್ಲಿ ಬರುವ ಈ ನೇರಪ್ರಸಾರ ನಿಮಿಷಕ್ಕೂ ಮಿಕ್ಕಿ ತಡ. ಹಿಂದಿನ ತಿಂಗಳ ಪಂದ್ಯದಲ್ಲಿ, ಟಿವಿಯಲ್ಲಿ ಕೌಶಿಕ್ ಇನ್ನೂ ಹೆಲ್ಮೆಟ್ಟು ಹಾಕಿಕೊಳ್ಳುತ್ತಿದ್ದಾಗಲೇ ಶ್ರೀಕಾಂತ್ ಫೋನು ಮಾಡಿ, "ಮಾಮಿ, ಓಟ ಮುಗೀತು, ಸೂಪರ್!" ಅಂದಿದ್ದ. ಮನೆಮಂದಿ ಬಿದ್ದು ಬಿದ್ದು ನಕ್ಕಿದ್ದರು.

ಫೋನು ಎತ್ತಿದ ಸದ್ದಾಯಿತು.

"ಶ್ರೀಕಾಂತ್, ಅವರನ್ನ ನಿಲ್ಸಿ! ಬಿಡ್ಬೇಡಿ!"

ಆ ಕಡೆ ಅರ್ಥವಾಗದ ಭಾಷೆಯಲ್ಲಿ ಬಹಳ ಜನ ಒಟ್ಟಿಗೇ ಕೂಗುತ್ತಿದ್ದರು. ಯಾರೋ ಓಡುತ್ತಿದ್ದರು. ಆಮೇಲೆ ಶ್ರೀಕಾಂತನ ದನಿ, ಅವನದೆಂದು ಗುರುತೇ ಸಿಗದ ಹಾಗೆ: "ಪ್ರಿಯಾ... ಮಾಮಿಗೆ ಈಗ ಏನೂ ಹೇಳ್ಬೇಡ..."

ಟಿವಿಯಲ್ಲಿ ಕೌಶಿಕ್ ಹೆಲ್ಮೆಟ್ಟಿನ ಗಾಜು ಇಳಿಸಿ, ಬಾಗಿ ಸ್ಲೆಡ್ಡಿಗೆ ಕೈಯಿಟ್ಟ.

"ಹೊರಡ್ತಾನೆ ನೋಡೇ," ಅಂದರು ಅಂಬುಜಮ್ಮ, ಕುರ್ಚಿಯ ತುದಿಗೆ ಸರಿಯುತ್ತ. "ಫೋನ್ ಆಮೇಲೆ. ಕೈ ಮುಗಿ."

ಶ್ರೀಪ್ರಿಯಾ ಫೋನು ಮಡಿಲಲ್ಲಿಟ್ಟು ಕೈ ಮುಗಿದಳು. ಈ ಮನೆಯಲ್ಲಿ ಅವನು ಇನ್ನೂ ಹೊರಟಿರಲಿಲ್ಲ.