ಕಿಟ್ಟಿ ಸ್ವಿಚ್

ಕತ್ರಿಗುಪ್ಪೆಯ ಆ ಸಮುದಾಯ ಕ್ರೀಡಾಭವನದಲ್ಲಿ ಸಂಜೆಯಾದರೆ ಶಟಲ್ ಕಾಕ್ ಕಾಣುತ್ತಿರಲಿಲ್ಲ. ಮೇಲೆ ಹೋಗಿ ಮಬ್ಬಿನಲ್ಲಿ ಕರಗುತ್ತಿತ್ತು, ಆಮೇಲೆ ಯಾರದೋ ತಲೆಯ ಮೇಲೆ ಬೀಳುತ್ತಿತ್ತು. ಆಡುವವರು ಒಬ್ಬೊಬ್ಬರಾಗಿ ಬಿಟ್ಟರು. ಅಲಮೇಲು ಮಾತ್ರ ಬರುತ್ತಿದ್ದರು. ರ್‍ಯಾಕೆಟನ್ನು ಚೀಲದಿಂದ ತೆಗೆಯದೆ, ಕೋರ್ಟಿನ ನಡುವೆ ನೇತಾಡುವ ಟ್ಯೂಬ್‌ಲೈಟನ್ನು ನೋಡುತ್ತ ಕೂತು, ಎದ್ದು ಹೋಗುತ್ತಿದ್ದರು. ಅದರ ಗಾಜಿನ ಮೇಲೆ ಕೆಂಪು ಬಣ್ಣದಲ್ಲಿ ‘ದಾನಿಗಳು: ಕಿಟ್ಟಿ’ ಎಂದಿತ್ತು. ಕಿಟ್ಟಿ ಅವರ ಗಂಡ, ಕೈಬರಹವೂ ಗಂಡನದೇ. ಅವರು ತೀರಿಕೊಂಡ ಮೇಲೆ ಟ್ಯೂಬ್ ಮಿಣುಕತೊಡಗಿತು. ಹೆಸರಿದ್ದದ್ದನ್ನು ತೆಗೆಯಲು ಯಾರಿಗೂ ಮನಸ್ಸು ಬರಲಿಲ್ಲ.

ಐಟಿಐಯಲ್ಲಿ ಎಲೆಕ್ಟ್ರಿಕಲ್ ಕೆಲಸ ಕಲಿಸುವ ರೇಖಾ, ಅಲಮೇಲು ಅವರ ಹಳೆಯ ಆಟದ ಜೊತೆಗಾತಿ. ಒಂದು ಸಂಜೆ ಬಂದು ಪಕ್ಕದಲ್ಲಿ ಕೂತಳು.

“ಆಂಟಿ, ಎಲ್‌ಇಡಿ ಪ್ಯಾನೆಲ್ ಹಾಕ್ಸೋಣ.”

“ಬೇಡ ಕಣೇ. ನಮ್ಮ ತಂಗಿ ಮನೆ ಹತ್ರ ನೋಡಿದೀನಿ, ತಲೆ ಎತ್ತಿದ್ರೆ ಕಣ್ಣು ಕುಕ್ಕುತ್ತೆ.”

“ನೆತ್ತಿ ಮೇಲೇ ಹಾಕಿರ್ತಾರೆ ಆಂಟಿ. ನಾವು ಕೋರ್ಟ್‌ನ ಎರಡೂ ಪಕ್ಕ, ಗೆರೆ ಆಚೆ ಸಾಲಾಗಿ ಹಾಕೋಣ. ತಲೆ ಎತ್ತಿದ್ರೆ ಬರೀ ಸೂರು, ಕಾಕ್ ಅಷ್ಟೇ.”

“ವೈರೆಲ್ಲ ಕಿತ್ತು ಹೊಸದು ಎಳೀಬೇಕು. ಅಷ್ಟು ದುಡ್ಡಿಗೆ ಎಲ್ಲಿಗೆ ಹೋಗೋದು?”

“ಮೊದ್ಲು ಲೈಸೆನ್ಸ್ ಇರೋ ಎಲೆಕ್ಟ್ರಿಷಿಯನ್ ಹತ್ರ ಟೆಸ್ಟ್ ಮಾಡ್ಸೋಣ. ಚೆನ್ನಾಗಿರೋ ವೈರು, ಪೈಪು ಹಾಗೇ ಇರ್ಲಿ, ಎಲ್‌ಇಡಿ ಎಳೆಯೋ ಕರೆಂಟೇ ಕಮ್ಮಿ. ಕೆಟ್ಟಿರೋದು ಮಾತ್ರ ಹೊಸದು. ಶಾಕ್ ಹೊಡೀಬಾರ್ದು, ಅರ್ಥಿಂಗ್ ವಿಷ್ಯದಲ್ಲಿ ಮಾತ್ರ ಜುಗ್ಗತನ ಬೇಡ. ಒಂದೊಂದು ಕೋರ್ಟ್‌ಗೂ ಬೇರೆ ಸ್ವಿಚ್. ಆಡೋ ಕಡೆ ಮಾತ್ರ ಲೈಟು.”

ಅಲಮೇಲು ಮೇಲೆ ಆ ಟ್ಯೂಬನ್ನು ನೋಡಿದರು. “ಅದೊಂದನ್ನ ಬಿಟ್ಟು ಮಿಕ್ಕಿದ್ದು ಮಾಡ್ಸು.”

ರೇಖಾ ಎದ್ದು ಒಂದು ಕಾಕನ್ನು ಮೇಲಕ್ಕೆ ಹೊಡೆದಳು. ಅಲಮೇಲು ತಮಗರಿವಿಲ್ಲದೆಯೇ ಕೈ ಎತ್ತಿದರು. ಕಾಕ್ ಆ ಮಿಣುಕಿನಲ್ಲಿ ಮಾಯವಾಗಿ ಅವರ ಭುಜಕ್ಕೆ ಬಡಿಯಿತು.

“ಅಂಕಲ್ ಇದ್ದಿದ್ರೆ ಏನಂತಿದ್ರು ಆಂಟಿ?”

ಅಲಮೇಲು ಕಾಕನ್ನು ಎತ್ತಿಕೊಂಡು ಅದರ ಮುರಿದ ಗರಿಯನ್ನು ನೇವರಿಸಿದರು.

“‘ಲೇ ಅಲಮೇಲು, ಟ್ಯೂಬ್ ಸತ್ತಿದೆ, ಏಣಿ ಹಿಡ್ಕೊ ಬಾ’ ಅಂತಿದ್ರು.” ನಕ್ಕರು. ನಗು ಅರ್ಧಕ್ಕೇ ನಿಂತಿತು. “ಆಯ್ತು, ಏಣಿ ತರ್ಸು. ಹೆಸರು ಪ್ಯಾನೆಲ್ ಮೇಲೆ ಬರೆಸ್ಲಾ?”

“ಅಯ್ಯೋ, ಬೆಳಕಿಗೇ ಬಣ್ಣ ಬಳಿದ್ರೆ ಮತ್ತೆ ಮಬ್ಬೇ! ಸ್ವಿಚ್ ಪಕ್ಕ ಬರೀರಿ.”

ಹಳೆಯ ಟ್ಯೂಬಿನೊಳಗೆ ಪಾದರಸವಿರುತ್ತದೆಂದು ಅದನ್ನು ಒಡೆಯದೆ ಇ-ತ್ಯಾಜ್ಯದವರಿಗೆ ಕೊಟ್ಟರು. ತಾವು ಆಡುವ ಕೋರ್ಟಿನ ಸ್ವಿಚ್ ಪಕ್ಕ, ಗೋಡೆಯ ಮೇಲೆ ಅಲಮೇಲು ತಾವೇ ಕೆಂಪು ಬಣ್ಣದಲ್ಲಿ ಬರೆದರು: ಕಿಟ್ಟಿ.

ಮೊದಲ ಸಂಜೆ ಬಾಗಿಲಿನಿಂದ ಯಾರೋ ಕೂಗಿದರು: “ಗುರು, ಕಿಟ್ಟಿ ಹಾಕು!”

ಅಲಮೇಲು ಥಟ್ಟನೆ ತಿರುಗಿದರು. ಗೋಡೆ. ಬೆಳಕು. ರೇಖಾ ಹೊಡೆದ ಕಾಕ್ ಒಂದೊಂದು ಗರಿಯೂ ಕಾಣುವಂತೆ ಇಳಿದು ಬರುತ್ತಿತ್ತು. ಅವರು ಹೊಡೆದರು.

ಆಟ ಮುಗಿದ ಮೇಲೆ ಆ ಸ್ವಿಚ್ ಆರಿಸುವುದು ಈಗ ಅವರದೇ ಕೆಲಸ. ಬೆರಳಿಟ್ಟು ಒಂದು ಕ್ಷಣ ನಿಲ್ಲುತ್ತಾರೆ.

“ನಾಳೆ ಬರ್ತೀನಿ ರೀ.”

ನಿಮ್ಮ ಬಡಾವಣೆಯ ಭವನದಲ್ಲೂ ಯಾರದೋ ಹೆಸರು ಹೊತ್ತ ಟ್ಯೂಬ್ ಮಿಣುಕುತ್ತಿರಬಹುದು. ಆ ಹೆಸರನ್ನು ಗೋಡೆಗಿಳಿಸಿ. ವೈರಿಂಗ್ ಪರೀಕ್ಷಿಸಿ, ಪ್ಯಾನೆಲ್‌ಗಳನ್ನು ಕೋರ್ಟಿನ ಪಕ್ಕಕ್ಕೆ ಹಾಕಿಸಿ, ಯಾರೂ ಆಡದ ಕಡೆ ದೀಪ ಆರಿಸಿ. ಚೀಲದಲ್ಲಿ ಕಾದಿರುವ ರ್‍ಯಾಕೆಟ್ ಇವತ್ತೇ ಹೊರಗೆ ಬರಲಿ.